ಕಸ್ತೂರಿಯ ಹಿಂಡಿಗೆ ಪರವಾನಗಿ

ನಮ್ಮ ಮನೆಯ ಮುಂಗೋಡೆ ಇನ್ನು ನಮ್ಮದಲ್ಲ ಎಂದು ಹೇಳಿದವರು ರಸ್ತೆ ಅಗಲ ಮಾಡಲೆಂದು ಅಳೆಯಲು ಬಂದವರು. ಗೋಡೆ ಹೋದರೂ ಅದರ ಮೇಲಿನ ಚಿತ್ರ ನಿಮ್ಮದೇ ಎಂದು ಹೇಳಿದವನು ಶಾಕೀರ. ಇಬ್ಬರ ಮಾತನ್ನೂ ನಾನು ನಂಬಲಿಲ್ಲ. ಗೋಡೆ ಬೇರೆ, ಗೋಡೆಯ ಮೇಲಿನ ಗೆರೆ ಬೇರೆ ಎಂದರೆ ಏನರ್ಥ? ರೊಟ್ಟಿ ನಿಂದು, ಅದರ ಮೇಲಿನ ಸುಟ್ಟ ಕಲೆ ನಂದು ಎಂದ ಹಾಗಾಯಿತು.

ನಮ್ಮ ಮನೆ ಇರುವುದು ವನದುರ್ಗದ ಕೋಟೆ ಕಾಣುವಷ್ಟು ಅಂತರದಲ್ಲಿ, ಶಹಾಪುರದ ರಸ್ತೆಗೆ ಮುಖ ಮಾಡಿಕೊಂಡು. ಕುರಿ ಸಾಕುವ ಮನೆತನ. ಮಾವ ಭಗವಂತರಾಯ, ಅತ್ತೆ ಅಯ್ಯಮ್ಮ, ನನ್ನ ಗಂಡ ಅಂಬರೀಶ, ಆಮೇಲೆ ಸುರಪುರದಿಂದ ಸೊಸೆಯಾಗಿ ಬಂದ ನಾನು, ಭಾರತಿ. ನನ್ನ ನಾಲಿಗೆ ಉದ್ದ ಎಂದು ಊರೆಲ್ಲ ಹೇಳುತ್ತದೆ. ಹೇಳಲಿ. ಗಿಡ್ಡ ನಾಲಿಗೆಯವರಿಂದ ಈ ಮನೆಯಲ್ಲಿ ಎಷ್ಟು ಕೆಲಸ ಆಗಿದೆ ಎಂದು ನಾನೂ ನೋಡಿದ್ದೇನೆ.

ಮುಂಗೋಡೆ ಮಣ್ಣಿನದು. ಮೇಲೆ ಮಾಳಿಗೆ ಮುಂದಕ್ಕೆ ಚಾಚಿರುವುದರಿಂದ ಮಳೆ ತಾಗುವುದಿಲ್ಲ. ಪ್ರತಿ ದೀಪಾವಳಿಗೆ, ಕುರಿಗಳ ಮೈ ತೊಳೆದು ಓಡಿಸುವ ದಿನ ಬೆಳಿಗ್ಗೆ, ಅತ್ತೆ ಆ ಗೋಡೆಗೆ ಕೆಮ್ಮಣ್ಣು ಸಾರಿಸಿ, ಒಣಗಿದ ಮೇಲೆ ಸುಣ್ಣದಲ್ಲಿ ಬೆರಳದ್ದಿ ಕುರಿಗಳ ಹಿಂಡು ಬರೆಯುತ್ತಾರೆ. ಬಾಗಿಲ ಕಡೆಯಿಂದ ಶುರುವಾದರೆ ಆ ತುದಿಯವರೆಗೆ ಕುರಿಯೋ ಕುರಿ. ಹಿಂದಿನ ವರ್ಷದ್ದನ್ನು ಕೆರೆದು ತೆಗೆಯುವಂತಿಲ್ಲ. ಅದರ ಮೇಲೇ ಮಣ್ಣು, ಮಣ್ಣಿನ ಮೇಲೆ ಹೊಸ ಹಿಂಡು. ಹಳೇ ಹಿಂಡು ಒಳಗ ಹೋಗಿ ಮಲಗತದ, ಹೊಸಾದು ಮೇಯಾಕ ಹೊರಗ ಬರ್ತದ ಎನ್ನುವುದು ಈ ಮನೆಯ ಮಾತು. ಮದುವೆಯಾಗಿ ಬಂದ ವರ್ಷ ನನ್ನ ಕೈಗೂ ಸುಣ್ಣದ ಬಟ್ಟಲು ಕೊಟ್ಟಿದ್ದರು. ಒಮ್ಮೆ ಪೇಂಟ್ ಹೊಡೆಸಿದರೆ ಐದು ವರ್ಷ ಚಿಂತೆಯಿಲ್ಲ ಎಂದು ಹೇಳಿ ನಾನು ಬಟ್ಟಲನ್ನು ವಾಪಸು ಕೊಟ್ಟೆ.

ಅಂಥ ಗೋಡೆಯನ್ನು ನೋಡಿ ಶಾಕೀರ ಮೋಟರ್‌ಸೈಕಲ್ ನಿಲ್ಲಿಸಿದ. ನಮ್ಮ ತವರೂರಿನವನೇ. ಸುರಪುರದಲ್ಲಿ ಕೆಲವರು ಸೇರಿ ಹೊಸದಾಗಿ ಒಂದು ಚಿತ್ರಶಾಲೆ ಮಾಡಿದ್ದಾರೆ, ಬೀಳುವ ಮನೆಗಳ ಚಿತ್ತಾರಗಳನ್ನು ಗೋಡೆ ಸಮೇತ ಬಿಡಿಸಿ ತಂದು ಅಲ್ಲಿ ನಿಲ್ಲಿಸುತ್ತಾರೆ, ಆ ಬಿಡಿಸುವ ಕೆಲಸ ಇವನದು. ರಸ್ತೆಯವರಿಂದ ಗೋಡೆಗೆ ಪರವಾನಗಿ ತಂದಿದ್ದ. ಸೋಮವಾರ ಜೆಸಿಬಿ ಬರುವುದು, ಅಷ್ಟರೊಳಗೆ ಕೆಲಸ ಮುಗಿಯಬೇಕು ಎಂದ.

"ಮತ್ತ ಇನ್ನೇನು, ಒಯ್ಯಪಾ," ಎಂದರು ಮಾವ.

"ಹಂಗ ಒಯ್ಯಾಕ ಬರಂಗಿಲ್ರಿ. ಗ್ವಾಡಿ ಸರ್ಕಾರದ್ದಾಗ್ಯಾದ, ಅದರ ಕಾಗದ ಸಿಕ್ಕಾದ. ಆದ್ರ ಚಿತ್ರ ಬರದಾಕಿ ಯವ್ವ. ಬರದವರು ಒಪ್ಪಿ ಸಹಿ ಮಾಡದಿದ್ರ ನಾ ಇದಕ್ಕ ಬೆರಳು ಹಚ್ಚಂಗಿಲ್ಲ."

ಮಾವ ನಕ್ಕರು. "ನಮ್ಮಜ್ಜ ಕಟ್ಟಿದ ಗ್ವಾಡಿ ನಂದಲ್ಲಂತ. ಇಕಿ ಗೀರಿದ ಗೆರಿ ಇಕೀದಂತ. ಕಾಲ ಚಲೋ ಬಂದದ."

ಶಾಕೀರ ಕಾಗದ ಬಿಚ್ಚಿದ. ನಾನು ಗಟ್ಟಿಯಾಗಿ ಓದಿದೆ. ಚಿತ್ರವನ್ನು ಇಲ್ಲಿಂದ ಸುರಪುರಕ್ಕೆ ಸಾಗಿಸಲು, ಅಲ್ಲಿ ಜನರಿಗೆ ತೋರಿಸಲು ಒಪ್ಪಿಗೆ ಕೊಟ್ಟಿದ್ದೇನೆ. ಬರೆದವರ ಹೆಸರು ಅದರ ಪಕ್ಕದಲ್ಲಿ ಯಾವಾಗಲೂ ಇರತಕ್ಕದ್ದು. ಇದೇ ಚಿತ್ರವನ್ನು ಬೇರೆ ಕಡೆ ಬರೆಯುವ ಹಕ್ಕು ನನ್ನದಾಗಿಯೇ ಉಳಿಯತಕ್ಕದ್ದು. ಎಲ್ಲ ಸರಿಯಾಗಿತ್ತು. ಕೊನೆಗೆ ಒಂದು ಸಾಲು: ಈ ಚಿತ್ರವನ್ನು ನಾನೊಬ್ಬಳೇ ರಚಿಸಿದ್ದು, ಇದರಲ್ಲಿ ಬೇರೆ ಯಾರ ಹಕ್ಕೂ ಇರುವುದಿಲ್ಲ. ಅತ್ತೆ ಪೆನ್ನು ಹಿಡಿದಿದ್ದವರು ಕೆಳಗಿಟ್ಟರು.

"ಏನಾತ್ರಿ ಅತ್ತಿ? ಹೆಸರು ಬರಿಯಾಕ ಬರ್ತದಲ್ಲ ನಿಮಗ," ಎಂದೆ.

"ಹೆಸರು ಬರಿಯಾಕ ಬರ್ತದ. ಸುಳ್ಳು ಬರಿಯಾಕ ಬರಂಗಿಲ್ಲ."

"ಇದರಾಗ ಸುಳ್ಳೇನದ?"

"ಒಬ್ಬಾಕೀನ ಬರದೀನಿ ಅಂತ ಅದ. ಮ್ಯಾಲಿನವು ನನ್ನವು. ಒಳಗ ನಮ್ಮತ್ತಿ ಮೌನಮ್ಮಂದು ಅದ. ಕಸ್ತೂರಿದೂ ಅದ."

ಆ ಹೆಸರು ಬಂದ ಕೂಡಲೇ ಮಾವ ನಗುವುದನ್ನು ನಿಲ್ಲಿಸಿದರು. ಕಸ್ತೂರಿ ಈ ಮನೆಯ ದೊಡ್ಡ ಮಗಳು, ನನ್ನ ನಾದಿನಿ. ನಾನು ಅವಳನ್ನು ನೋಡಿಲ್ಲ. ನನ್ನ ಗಂಡನಿಗೂ ನೋಡಿದ ನೆನಪಿಲ್ಲ. ಅಂಬರೀಶ ಹುಟ್ಟಿದ ವರ್ಷ ದೀಪಾವಳಿಗೆ ಅತ್ತೆ ಬಾಣಂತಿ. ಗೋಡೆ ಬರೆಯುವವರು ಇಲ್ಲ. ಒಂಬತ್ತು ವರ್ಷದ ಕಸ್ತೂರಿ ತಾನೇ ಏಣಿ ಹಾಕಿಕೊಂಡು ಇಡೀ ಹಿಂಡು ಬರೆದಳಂತೆ. ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳು. ಆ ವರ್ಷ ಹಬ್ಬ ಬಂದಾಗ ಮಗಳು ಬರೆದ ಕುರಿಗಳ ಮೇಲೆ ಅತ್ತೆ ತಮ್ಮ ಕೈಯಿಂದಲೇ ಕೆಮ್ಮಣ್ಣು ಸಾರಿಸಬೇಕಾಯಿತು. ಮನೆಯಲ್ಲಿ ಕಸ್ತೂರಿಯ ಒಂದು ಫೋಟೋ ಇಲ್ಲ. ಅವಳದೆಂದು ಉಳಿದಿರುವುದು ಗೋಡೆಯೊಳಗಿನ ಆ ಹಿಂಡು ಮಾತ್ರ.

ಶಾಕೀರ ಮೆಲ್ಲಗೆ ಹೇಳಿದ: "ಮೌನಮ್ಮನವರು ತೀರಿಕೊಂಡ ಮ್ಯಾಲ ಅವರದು ಮನಿಯವರಿಗೆ ಬಂದಂಗ ಆತ್ರಿ. ನೀವು ಸಹಿ ಮಾಡಬಹುದು."

"ಹಿರಿಯರದು ನಮಗ ಬಂತು, ಖರೆ. ಕಿರಿಯಾಕಿದು ನನಗ ಹೆಂಗ ಬರ್ತದ? ನೀರು ಇಳ್ಯಾಕ ಬರ್ತದ, ಏರಾಕ ಬರ್ತದೇನು?"

"ಹಂಗಾದ್ರ ಆ ಸಾಲು ಹೊಡದ ಹಾಕ್ತೀನಿ."

"ಸಾಲು ಹೊಡೀತಿ. ಆಕೀನ್ನ ಕೇಳಿದಂಗ ಆತೇನು?"

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಸೋಮವಾರ ಜೆಸಿಬಿ ಬಂದು ಎಲ್ಲವನ್ನೂ ಮಣ್ಣು ಮಾಡುತ್ತದೆ, ಆಗ ಕಸ್ತೂರಿಯನ್ನು ಯಾರು ಕೇಳುತ್ತಾರೆ ಎಂದು ಬಾಯಿಗೆ ಬಂದಂತೆ ಅಂದುಬಿಟ್ಟೆ. ಅತ್ತೆ ಸಿಟ್ಟಾಗಲಿಲ್ಲ. ಒಮ್ಮೆ ಕಸ್ತೂರಿಯ ಬರೆಯುವ ಪಾಟಿಯನ್ನು ಅವಳನ್ನು ಕೇಳದೆ ನನ್ನ ತಮ್ಮನ ಮಗಳಿಗೆ ಕೊಟ್ಟಿದ್ದೆ, ಹುಡುಗಿ ಎರಡು ಹೊತ್ತು ಉಣ್ಣಲಿಲ್ಲ, ನಂದನ್ನ ನೀ ಹೆಂಗ ಕೊಟ್ಟಿ ಎಂದು ಅದೊಂದೇ ಮಾತು ಎಂದರು. ಆಮೇಲೆ ಅವಳದನ್ನು ಒಂದು ರಿಬ್ಬನ್ ಸಹ ಕೇಳದೆ ಯಾರಿಗೂ ಕೊಟ್ಟಿಲ್ಲವಂತೆ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಸತ್ತವರ ಅಪ್ಪಣೆ ಕೇಳುತ್ತ ಕೂತರೆ ಬದುಕಿದವರು ಒಲೆ ಹಚ್ಚುವುದು ಯಾವಾಗ?

ಶಾಕೀರ ಒತ್ತಾಯ ಮಾಡಲಿಲ್ಲ. ಶನಿವಾರ ಸಾಮಾನು ಸಮೇತ ಬರುತ್ತೇನೆ, ಯವ್ವ ಒಪ್ಪಿದರೆ ಬಿಡಿಸುತ್ತೇನೆ, ಇಲ್ಲದಿದ್ದರೆ ನಾಲ್ಕು ಫೋಟೋ ತೆಗೆದುಕೊಂಡು ಹೋಗುತ್ತೇನೆ ಎಂದ. ಹೋಗುವಾಗ ನನಗೆ ಗೋಡೆಗೆ ಹಚ್ಚುವ ತೆಳು ಮಲ್ ಬಟ್ಟೆ ತಂದಿಡಲು ಹೇಳಿದ. ಅದಕ್ಕೆಂದೇ ಶನಿವಾರ ಬೆಳಿಗ್ಗೆ ಶಹಾಪುರಕ್ಕೆ ಹೋದೆ. ಅತ್ತೆ, ಮಾವ, ಅಂಬರೀಶ ಕುರಿಹಟ್ಟಿಯ ಕಡೆ ಹೋಗಿದ್ದರು. ಮನೆಯಲ್ಲಿದ್ದವರು ಶಂಕ್ರಮ್ಮ ಒಬ್ಬರೇ. ಅವರು ಮಾವನ ಅಕ್ಕ, ಗೋಡೆ ಬೀಳುವ ಮೊದಲು ತವರುಮನೆ ನೋಡಿಕೊಂಡು ಹೋಗಲು ಬಂದಿದ್ದರು. ಎಪ್ಪತ್ತು ದಾಟಿದರೂ ಕೈ ಸುಮ್ಮನಿರದ ಜೀವ. ಅವರನ್ನು ಒಬ್ಬರನ್ನೇ ಬಿಟ್ಟು ಹೋಗಬಾರದಿತ್ತು.

ಬಸ್ಸಿಳಿದು ನೋಡುತ್ತೇನೆ, ಗೋಡೆ ಕೆಂಪಗೆ, ಬೋಳು ಬೋಳಾಗಿ ಹೊಳೆಯುತ್ತಿದೆ. ಒಂದು ಕುರಿ ಇಲ್ಲ. ಶಂಕ್ರಮ್ಮ ಮೊಣಕೈವರೆಗೆ ಕೆಮ್ಮಣ್ಣು ಮಾಡಿಕೊಂಡು ಕಟ್ಟೆಯ ಮೇಲೆ ದಣಿವಾರಿಸಿಕೊಳ್ಳುತ್ತಿದ್ದರು. ಮುಖದಲ್ಲಿ ಎಂಥ ಸಮಾಧಾನ ಅಂತೀರಿ.

"ಏನು ಮಾಡಿದ್ರಿ ದೊಡ್ಡತ್ತಿ," ಎಂದೆ.

"ಸಾರಿಸಿದೆ. ಸುರಪುರದಿಂದ ಮಂದಿ ಬರಾಕತ್ತಾರಂತ. ಗ್ವಾಡಿ ನೋಡಾಕ ಬರೂ ಮಂದಿ, ಗ್ವಾಡಿ ಹೊಲಸಿದ್ರ ನಮ್ಮ ಮನಿ ಮರ್ಯಾದಿ ಉಳೀತದೇನು? ಬೀಗರು ಬರೂಮುಂದ ಮೋತಿ ತೊಳಕೊಳ್ಳಂಗಿಲ್ಲೇನು ನೀ?"

ನಾನು ಬಟ್ಟೆಯ ಗಂಟನ್ನು ಅಲ್ಲೇ ಕೆಡವಿ ಕೂತುಬಿಟ್ಟೆ. ಅಜ್ಜಿ ತಪ್ಪು ಮಾಡಿದ್ದರೆ ಬೈಯಬಹುದಿತ್ತು. ಈ ಸೀಮೆಯಲ್ಲಿ ಮನೆಗೆ ದೊಡ್ಡವರು ಬರುತ್ತಾರೆಂದರೆ ಗೋಡೆ ಸಾರಿಸದ ಹೆಂಗಸು ಯಾರಿದ್ದಾರೆ? ಹಟ್ಟಿಯಿಂದ ಬಂದ ಅತ್ತೆ ಗೋಡೆಯ ಮುಂದೆ ನಿಂತು ನೋಡಿದರು. "ಪಾಪ, ಕೈ ನೋವು ಬಂದಾವೇನೋ," ಎಂದು ಶಂಕ್ರಮ್ಮನವರ ಕೈ ತೊಳೆಯಲು ನೀರು ತಂದರು. ಅಂಬರೀಶ ಮಾತ್ರ ರಸ್ತೆಯ ಕಡೆ ತಿರುಗಿ ನಿಂತುಬಿಟ್ಟ.

ಮಧ್ಯಾಹ್ನ ಶಾಕೀರ ಲಾರಿಯೊಂದಿಗೆ ಬಂದ. ನಡೆದದ್ದನ್ನು ಹೇಳಿದೆವು. ಅವನು ಗೋಡೆಗೆ ಅಂಗೈ ಹಚ್ಚಿ ನೋಡಿ, "ಇನ್ನೂ ಹಸಿ ಅದ," ಎಂದ. ಒಣಗಿದ್ದರೆ ಕಷ್ಟವಿತ್ತಂತೆ. ಹಸಿಯಿದ್ದಾಗ ಸ್ಪಂಜು ಅದ್ದಿ ತಾಳ್ಮೆಯಿಂದ ಒರೆಸಿದರೆ ಮೇಲಿನದಷ್ಟೇ ಬರುತ್ತದೆ. ಒರೆಸತೊಡಗಿದ. ಕೆಂಪು ನೀರು ಇಳಿದು ಒಂದೊಂದೇ ಕುರಿ ಮಂಕಾಗಿ ಕಂಡಿತು. ಶಂಕ್ರಮ್ಮನವರಿಗೆ ಈಗ ವಿಷಯ ತಿಳಿದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು.

ಬಾಗಿಲ ಚೌಕಟ್ಟಿನ ಪಕ್ಕದಲ್ಲಿ ಗೋಡೆ ನೀರು ಹೆಚ್ಚು ಕುಡಿದಿತ್ತೇನೋ, ಒಂದು ಕಡೆ ಅಂಗೈಯಗಲದ ಪದರು ಕಳಚಿ ಬಿತ್ತು. ಶಾಕೀರ ಬಗ್ಗಿ ನೋಡಿದ. ಮತ್ತೆ ನೋಡಿದ. ಜೇಬಿನಿಂದ ಭೂತಗನ್ನಡಿಯ ಗಾಜು ತೆಗೆದು ಹಿಡಿದು ನೋಡಿದ. ಆಮೇಲೆ ನನ್ನ ಕೈಗೆ ಗಾಜು ಕೊಟ್ಟ.

ಒಡೆದ ಅಂಚಿನಲ್ಲಿ ಗೋಡೆ ಪದರು ಪದರಾಗಿತ್ತು. ಬುಟ್ಟಿಯಲ್ಲಿ ರೊಟ್ಟಿ ಪೇರಿಸಿಟ್ಟಂತೆ ಒಂದರ ಮೇಲೊಂದು, ಒಂದೊಂದೂ ಈರುಳ್ಳಿಯ ಸಿಪ್ಪೆಯಷ್ಟು ತೆಳು. ಕೆಂಪು, ಅದರ ಮೇಲೆ ಸುಣ್ಣದ ಬಿಳಿ, ಮತ್ತೆ ಕೆಂಪು, ಮತ್ತೆ ಬಿಳಿ. ಒಂದೊಂದು ಗೆರೆ ಒಂದೊಂದು ದೀಪಾವಳಿ. ನಾನು ಎಣಿಸಲು ಹೋಗಿ ಕಣ್ಣು ಮಂಜಾಗಿ ಅಲ್ಲಿಗೇ ಬಿಟ್ಟೆ. ಈ ಮನೆಗೆ ಬಂದ ಹೆಣ್ಣುಗಳೆಲ್ಲ ಅಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ನಿಂತಿದ್ದರು. ನಾನು ದಿನಾ ಪೊರಕೆ ಒರಗಿಸಿಡುತ್ತಿದ್ದ ಗೋಡೆ ಅದು.

"ಇದೊಂದು ನೋಡ್ರಿ," ಎಂದು ಶಾಕೀರ ಉಗುರಿನಿಂದ ತೋರಿಸಿದ. ಕೆಂಪು ಗೆರೆಗಳ ನಡುವೆ ಒಂದೇ ಒಂದು ನೀಲಿ ಗೆರೆಯಿತ್ತು. "ಎಲ್ಲಾ ವರ್ಷ ಕೆಮ್ಮಣ್ಣು. ಇದೊಂದು ವರ್ಷ ನೀಲಿ ಯಾಕ ಅದ್ರಿ?"

ಅತ್ತೆ ಗೋಡೆಗೆ ಕೈಯೂರಿ ಮೆಲ್ಲಗೆ ಕೂತರು. ಮಾವನೇ ಹೇಳಿದರು. ಕಸ್ತೂರಿ ಬರೆದ ಆ ವರ್ಷ ಗುಡ್ಡಕ್ಕೆ ಹೋಗಿ ಕೆಮ್ಮಣ್ಣು ತರುವವರು ಇರಲಿಲ್ಲ. ಹುಡುಗಿ ಧೋತರಕ್ಕೆ ಹಾಕುವ ನೀಲಿಯ ಬಾಟಲಿಯನ್ನು ಪೂರ್ತಿ ಸುಣ್ಣಕ್ಕೆ ಸುರುವಿ, ಗೋಡೆಗೆಲ್ಲ ಬಳಿದಿದ್ದಳು. "ನಾ ಹೊಡಿಯಾಕ ಹೋಗಿದ್ದೆ," ಎಂದರು ಮಾವ. "ಗ್ವಾಡಿ ನೋಡಿ ಕೈ ಕೆಳಗ ಬಂತು."

"ತೆಗೀಲೇನ್ರಿ ಯವ್ವಾ?" ಎಂದು ಶಾಕೀರ ಕೇಳಿದ. "ಒಂದು ಮೊರದಷ್ಟು ಜಾಗ ತೆಗದು ನೋಡಬಹುದು. ಆದ್ರ ಅಲ್ಲಿ ಮ್ಯಾಲಿನವೆಲ್ಲಾ ಹೋಗ್ತಾವ. ಮತ್ತ ಬರಂಗಿಲ್ಲ."

"ಹೋಗ್ಲಿ. ಅವು ನನ್ನವ."

ಅಷ್ಟೇ. ಕಾಗದವಿಲ್ಲ, ಯೋಚನೆಯಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷದ ತಮ್ಮ ಬೆರಳಿನ ಕೆಲಸವನ್ನು ಒಂದು ಮಾತಿನಲ್ಲಿ ಬಿಟ್ಟುಕೊಟ್ಟರು.

ಶಾಕೀರ ತೆಳು ಅಲಗಿನ ಚಾಕು ಹಿಡಿದು ಕೂತ. ಸುದ್ದಿ ಹೇಗೋ ಹಬ್ಬಿ ಅಂಗಳ ತುಂಬ ಜನ ಸೇರಿದರು. ಪದರು ತೆಗೆದಂತೆ ಒಂದೊಂದು ವರ್ಷದ ಹಿಂಡು ಮೇಲೆದ್ದು, ಅರೆಗಳಿಗೆ ನಿಂತು, ಪುಡಿಯಾಗಿ ಉದುರುತ್ತಿತ್ತು. ಅತ್ತೆ ಒಂದೊಂದನ್ನೂ ಗುರುತು ಹಿಡಿದರು. ಇದು ಮಳೆ ಹೋದ ವರ್ಷದ್ದು, ಕುರಿ ಬಡಕಲಾಗಿ ಬಂದಿದ್ದವು. ಇದು ನನ್ನ ಬೆರಳು ಕುಡುಗೋಲಿಗೆ ಸಿಕ್ಕಿದ್ದ ವರ್ಷದ್ದು. ಊರಿನ ಹೆಂಗಸರು ಸದ್ದಿಲ್ಲದೆ ಕೇಳಿಸಿಕೊಂಡರು. ಕೂಸುಗಳು ಸಹ ಅಳಲಿಲ್ಲ. ನನ್ನ ಉದ್ದ ನಾಲಿಗೆ ಎಲ್ಲಿ ಹೋಗಿತ್ತೋ ಗೊತ್ತಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ನೀಲಿ ಬಂತು.

ಮೊದಲು ಚೂರು, ಆಮೇಲೆ ಅಂಗೈಯಷ್ಟು, ಆಮೇಲೆ ಮೊರದಷ್ಟು. ಬೆಳಕು ಕಾಣದೆ ಒಳಗೇ ಇದ್ದದ್ದಕ್ಕೋ ಏನೋ, ಆ ನೀಲಿ ನಿನ್ನೆ ಬಳಿದಷ್ಟು ಹಸನಾಗಿತ್ತು. ಅದರ ಮೇಲೆ ಬಿಳಿ ಕುರಿಗಳು. ನಿಂತ ಕುರಿಗಳಲ್ಲ. ಕತ್ತು ಮುಂದೆ ಚಾಚಿ, ಮೈ ಉದ್ದ ಮಾಡಿ ಓಡುವ ಕುರಿಗಳು. ನೆಲದ ಗೆರೆಯನ್ನೇ ಅವಳು ಎಳೆದಿರಲಿಲ್ಲ. ಅವು ಆಕಾಶದಲ್ಲಿ ಓಡುತ್ತಿದ್ದವು. ನನಗೆ ಮೈಯೆಲ್ಲ ಮುಳ್ಳೆದ್ದಿತು. ಯಾವ ದೇವರ ಗುಡಿಯಲ್ಲೂ ನನಗೆ ಹಾಗಾಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಯಾರೋ ಹಿಂದೆ ಕೈಮುಗಿದರು. ಮುಗಿದವರು ನಾಚಿಕೊಳ್ಳಲಿಲ್ಲ, ನೋಡಿದವರು ನಗಲಿಲ್ಲ.

"ಒಂದೊಂದಕ್ಕೂ ಐದು ಕಾಲು ಅದಾವ," ಎಂದ ಅಂಬರೀಶ.

"ನಾನೂ ಕೇಳಿದ್ದೆ," ಎಂದರು ಅತ್ತೆ. "ಓಡೂ ಕುರಿ ಕಾಲು ಎಣಿಸಾಕ ಬರ್ತದೇನವ್ವಾ ನಿನಗ, ಅಂದ್ಲು."

"ಈ ಮರಿಗಿ ನಾಕ ಅದಾವಲ್ಲ?"

ಹಿಂಡಿನ ನಡುವೆ ಒಂದು ಪುಟ್ಟ ಕುರಿಮರಿ ಇತ್ತು. ಅದರ ಸುತ್ತ ಕುರಿಗಳು ಎರಡಾಗಿ ಕವಲೊಡೆದು, ಅದಕ್ಕೆ ತಾಗದಂತೆ ಓಡುತ್ತಿದ್ದವು.

"ಅದು ಇನ್ನೂ ಓಡಂಗಿಲ್ಲ," ಎಂದರು ಅತ್ತೆ. "ಅದು ನೀ."

ಅಂಬರೀಶ ಗೋಡೆಗೆ ಹಣೆ ಹಚ್ಚಿ ನಿಂತ. ನಾನು ಅವನನ್ನು ಮದುವೆಯಾಗಿ ಇಷ್ಟು ದಿನದಲ್ಲಿ ಅವನು ಅತ್ತದ್ದನ್ನು ನೋಡಿರಲಿಲ್ಲ. ಅಕ್ಕ ಎಂಬ ಶಬ್ದವನ್ನು ಅವನು ಯಾರಿಗೂ ಅಂದವನಲ್ಲ. ಈಗ ಒಮ್ಮೆ ಅಂದ. ಶಂಕ್ರಮ್ಮ ಮುಂದೆ ಬಂದು ಅವನ ಬೆನ್ನ ಮೇಲೆ ಕೆಮ್ಮಣ್ಣಿನ ಕೈಯಿಟ್ಟರು.

ಈಗಂತೂ ಅತ್ತೆ ಒಪ್ಪುತ್ತಾರೆಂದು ನನಗೆ ಧೈರ್ಯ ಬಂದಿತ್ತು. ಆದರೆ ಅವರು ಇನ್ನೂ ಗಟ್ಟಿಯಾದರು. ಇಷ್ಟು ಚೆಂದ ಬರೆದವಳನ್ನು ಕೇಳದೆ ಹೇಗೆ ಕೊಡಲಿ ಎಂದರು. ಆಗ ಶಂಕ್ರಮ್ಮ, "ಹೂವು ಕೇಳಿ ನೋಡು," ಎಂದರು. ನಮ್ಮಲ್ಲಿ ದೇವರಿಗೆ ಹೂವು ಹಚ್ಚಿ ಕೇಳುವುದುಂಟು. ಬಲಗಡೆಯದು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಅತ್ತೆ ಎರಡು ಚೆಂಡುಹೂವಿನ ಎಸಳನ್ನು ನೀರಿನಲ್ಲಿ ಅದ್ದಿ ಆ ಮರಿಯ ಎರಡೂ ಪಕ್ಕದಲ್ಲಿ ಅಂಟಿಸಿದರು.

"ಯವ್ವಾ ಕಸ್ತೂರಿ," ಎಂದರು. "ನಿನ್ನ ಕುರಿ ಸುರಪುರಕ್ಕ ಒಯ್ತೀವಿ ಅಂತಾರ. ಕೊಡ್ತೀಯೇನು?"

ಅಂಗಳವೆಲ್ಲ ಕಾಯಿತು. ರಸ್ತೆಯಲ್ಲಿ ಹತ್ತಿ ತುಂಬಿದ ಟ್ರ್ಯಾಕ್ಟರ್ ಒಂದು ಹೋಯಿತು, ಗೋಡೆ ಸಣ್ಣಗೆ ಅದುರಿತು. ಎಸಳು ಬೀಳಲಿಲ್ಲ. ಬಲದ್ದೂ ಇಲ್ಲ, ಎಡದ್ದೂ ಇಲ್ಲ. ಕಾದು ಕಾದು ಜನ ಕಾಲು ಬದಲಿಸತೊಡಗಿದರು.

"ಮಂದಿ ಮುಂದ ಕೇಳಿದ್ರ ಆಕಿ ಎಂದೂ ಬಾಯಿ ಬಿಡ್ತಿದ್ದಿಲ್ಲ," ಎಂದು ಅತ್ತೆ ಕಣ್ಣೊರೆಸಿಕೊಂಡರು. ಇನ್ನು ಕೇಳಲು ಅವರ ಹತ್ತಿರ ಬೇರೆ ದಾರಿ ಇರಲಿಲ್ಲ. ಕತ್ತಲಾದರೆ ಶಾಕೀರ ಹೋಗುತ್ತಾನೆ, ಸೋಮವಾರ ಆ ನೀಲಿ ಮಣ್ಣಾಗುತ್ತದೆ. ನಾನು ಮನಸ್ಸಿನಲ್ಲಿ ಆ ಹುಡುಗಿಯ ಹತ್ತಿರ ಬೇಡಿಕೊಂಡೆ. ಬೇಡುವುದು ನನ್ನ ಜಾಯಮಾನವಲ್ಲ.

ಶಾಕೀರ ಕಟ್ಟೆಯ ಮೇಲೆ ಕೂತು ಕಾಗದ ತೆಗೆದ. "ಸಹಿ ಬ್ಯಾಡ ಬಿಡ್ರಿ. ಬರದವರ ಹೆಸರಾದ್ರೂ ಸರಿಯಾಗಿ ಬರಕೊಂಡು ಹೋಗ್ತೀನಿ. ಫೋಟೋದ ಕೆಳಗ ಇರ್ಲಿ," ಎಂದು ನಾನೊಬ್ಬಳೇ ಎನ್ನುವ ಸಾಲಿಗೆ ಗೀಟು ಎಳೆದ. ಮೌನಮ್ಮ ಎಂದು ಬರೆದ. ಅಯ್ಯಮ್ಮ ಎಂದು ಬರೆದ. ಅವರ ಕೆಳಗೆ ಕಸ್ತೂರಿ ಎಂದು ಬರೆದ.

"ವಯಸ್ಸೆಷ್ಟ್ರಿ ಕಸ್ತೂರಿದು?"

"ಒಂಬತ್ತು," ಎಂದರು ಅತ್ತೆ.

ಅವನು ಬರೆದುಕೊಂಡ. ಇಂಥ ಕಾಗದ ಎಷ್ಟು ತುಂಬಿಸಿದ್ದನೋ, ಪೆನ್ನು ಎತ್ತದೆ, ಯೋಚಿಸದೆ, ಬಾಯಿಂದ ತಾನಾಗಿ ಬಂತು: "ಮೈನರ್ ಆತು. ಆಕಿ ಸಹಿ ನಡ್ಯಂಗಿಲ್ರಿ. ಪಾಲಕರು ಮಾಡಬೇಕಾಗ್ತದ."

ಅಂದ ಮೇಲೆ ಅವನಿಗೆ ಹೊಳೆಯಿತು. ಮುಖ ಕಪ್ಪಿಟ್ಟಿತು. ತಪ್ಪಾಯಿತು ಎನ್ನಲು ಬಾಯಿ ತೆರೆದ. ಅತ್ತೆ ಅವನನ್ನೇ ನೋಡುತ್ತಿದ್ದರು.

"ಪಾಲಕರು ಅಂದ್ರ ಯಾರು?"

"ಅಪ್ಪ... ಇಲ್ಲಾ ಅವ್ವ. ಸಣ್ಣ ಮಕ್ಕಳ ಪರವಾಗಿ ಅವರೇ ಸಹಿ ಮಾಡ್ತಾರ. ಮಕ್ಕಳ ಹಕ್ಕು ಮಕ್ಕಳ ಹೆಸರಿನಾಗ ಇರ್ತದ. ಕೈ ಅಷ್ಟ ಅವ್ವಂದು."

"ಆಕಿದು ಆಕಿ ಹೆಸರಿಗೇ ಇರ್ತದೇನು?"

"ಹೌದ್ರಿ. ಯಾರಿಗೂ ಹೋಗಂಗಿಲ್ಲ."

"ಅವ್ವ ನಾ ಇದ್ದೇನಲ್ಲ," ಎಂದರು ಅತ್ತೆ. "ತಾ ಇಲ್ಲಿ."

ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು, ಮೊದಲು ಮಗಳ ಹೆಸರನ್ನು ತಾವೇ ಮತ್ತೊಮ್ಮೆ ಬರೆದರು. ಕ, ಸ್ತೂ, ರಿ. ನಡುವಿನ ಅಕ್ಷರಕ್ಕೆ ತಡವರಿಸಿದರು, ನಾನು ಅವರ ಅಂಗೈಯಲ್ಲಿ ಬರೆದು ತೋರಿಸಿದೆ. ಅದರ ಕೆಳಗೆ, ತಾಯಿ ಅಯ್ಯಮ್ಮ. ಒಬ್ಬ ತಾಯಿ ಮಗಳಿಗಾಗಿ ಶಾಲೆಯಲ್ಲಿ ಮಾಡಬೇಕಿದ್ದ ಸಹಿಗಳು ಎಷ್ಟು, ಅವ್ಯಾವುವೂ ಆಗಿರಲಿಲ್ಲ. ಇದೊಂದು ಆಯಿತು. ನಾನು ಅತ್ತೆಯ ಕೈಯನ್ನು ಬಿಡದೆ ಹಿಡಿದುಕೊಂಡಿದ್ದೆ ಎನ್ನುವುದು ಆಮೇಲೆ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಬಿಡಿಸುವ ಕೆಲಸ. ಮಲ್ ಬಟ್ಟೆಗೆ ಅಂಟು ಹಚ್ಚಿ ಚಿತ್ರದ ಮೇಲೆ ಪೂರ್ತಿ ಹೊದಿಸಿದರು. ಅದು ಒಣಗಿ ಬಿಗಿಯಾದ ಮೇಲೆ ಹಿಂದಿನಿಂದ ಉದ್ದ ತಂತಿ ಹಾಕಿ ಗೋಡೆಯ ಮೈಯನ್ನು ಮೇ ತಿಂಗಳಲ್ಲಿ ಉಣ್ಣೆ ಕತ್ತರಿಸುವ ಹಾಗೆ ಮೆಲ್ಲಗೆ ಕೊಯ್ದರು. ಹಲಗೆ ಆನಿಸಿ ಊರಿನ ಗಂಡಸರೆಲ್ಲ ಹೆಗಲು ಕೊಟ್ಟರು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಆ ಇಡೀ ಗೋಡೆಯ ಮುಖ, ಮೌನಮ್ಮನಿಂದ ಹಿಡಿದು ಅಯ್ಯಮ್ಮನವರೆಗೆ ಎಲ್ಲರ ಹಿಂಡು ಹೊತ್ತುಕೊಂಡು, ಸದ್ದಿಲ್ಲದೆ ನಮ್ಮ ಮನೆಯಿಂದ ಬೇರೆಯಾಗಿ ಅವರ ತೋಳಿಗೆ ಬಂತು. ಒಂದು ಹರಳು ಉದುರಲಿಲ್ಲ. ಹಾಗೆ ಒಂದು ಗೋಡೆ ನಡೆದು ಹೋಗುವುದನ್ನು ನಾನು ನೋಡಿದ್ದೇನೆ ಎಂದು ಈಗಲೂ ನನಗೇ ನಂಬಿಕೆ ಬರುವುದಿಲ್ಲ. ಹಿಂದೆ ಉಳಿದದ್ದು ಬರೀ ಮಣ್ಣು, ಜೆಸಿಬಿಗೆ ಸಾಕಾಗುವಷ್ಟು.

ಲಾರಿಯಲ್ಲಿ ಹುಲ್ಲು ಹಾಸಿ ಮಲಗಿಸಿದರು. ಅತ್ತೆ ಮೇಲೆ ಕೌದಿ ಹೊದಿಸಿದರು. ಶಾಕೀರ ಹಗ್ಗ ಬಿಗಿದು ಇಳಿದು, ಮುಂದಿನ ವಾರ ಎಲ್ಲರೂ ಸುರಪುರಕ್ಕೆ ಬನ್ನಿ, ಅಷ್ಟರಲ್ಲಿ ನಿಲ್ಲಿಸಿರುತ್ತೇನೆ ಎಂದ. ತಿರುಗಿ ನೋಡಿದರೆ ಅತ್ತೆ ಲಾರಿಯ ಹಿಂದಿನ ಕೊಂಡಿಗೆ ಕಾಲು ಕೊಟ್ಟು ಹತ್ತುತ್ತಿದ್ದರು.

"ಯವ್ವಾ, ಧೂಳು ಭಾಳ ಅದ. ನಾಳಿ ಬಸ್ಸಿಗಿ ಬರ್ರಿ," ಎಂದ ಶಾಕೀರ.

"ಒಂಬತ್ತು ವರ್ಷದ ಹುಡುಗಿ," ಎಂದರು ಅತ್ತೆ. "ಒಬ್ಬಾಕೀನ ಹೆಂಗ ಕಳಸ್ಲಿ?"

ಹುಲ್ಲಿನ ಮೇಲೆ ಕೂತು ಕೌದಿಯ ಮೇಲೆ ಕೈಯಿಟ್ಟುಕೊಂಡರು. ಮಾವ ತಮ್ಮ ಕಂಬಳಿಯನ್ನು ಮೇಲಕ್ಕೆ ಎಸೆದರು. ಇನ್ನೊಂದು ದಿನವಾಗಿದ್ದರೆ ನಾನು ಏನಾದರೂ ಅನ್ನುತ್ತಿದ್ದೆ. ಒಳಗೆ ಓಡಿ, ಸಜ್ಜೆ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಬಟ್ಟೆಯಲ್ಲಿ ಕಟ್ಟಿ ತಂದು ಅತ್ತೆಯ ಕೈಗೆ ಕೊಟ್ಟೆ. ಇಬ್ಬರಿಗೆ ಆಗುವಷ್ಟು ಕಟ್ಟಿದ್ದೆ.